ಬ್ರಿಜಿಟ್ ಬಾಯಿಯ ಒಂದೇ ತೋಟೆ

ಬದುಕಿರುವವರ ಫೋಟೋಕ್ಕೆ ಯಾರಾದರೂ ಹಾರ ಹಾಕುತ್ತಾರೆಯೇ? ಕ್ಲಬ್ಬಿನ ಕಾರ್ಯದರ್ಶಿ ಮರ್ವಿನ್ ಅದನ್ನೇ ಮಾಡಲು ಹೊರಟಿದ್ದ. ಕ್ಲಬ್ಬಿನ ಮೂರು ಹಳೆಯ ಒಂಟಿ ಹೊಡೆತದ ರೈಫಲುಗಳ ನಳಿಗೆಗೆ ಸೀಸ ಎರೆದು ಮುಚ್ಚಿ, ಊಟದ ಹಾಲಿನ ಗೋಡೆಗೆ ಸಾಲಾಗಿ ನೇತುಹಾಕುವುದು ಅವನ ಯೋಜನೆ. ಕೆಳಗೆ ಹಳದಿ ಲೈಟು, ಪಕ್ಕದಲ್ಲಿ ಪ್ರಾಯೋಜಕರ ಹೆಸರಿನ ಫಲಕ. "ಚಂದ ಕಾಣ್ತದೆ ಆಂಟಿ, ಹೆರಿಟೇಜ್ ಲುಕ್ ಬರ್ತದೆ," ಎಂದು ಅವನು ಬ್ರಿಜಿಟ್‌ಗೆ ಹೇಳಿದ. ಅವಳು ತಿನ್ನುತ್ತಿದ್ದ ಸಮೋಸವನ್ನು ತಟ್ಟೆಗಿಟ್ಟಳು. "ಮೊದಲು ನಿನ್ನ ಹಲ್ಲಿಗೆ ಸೀಸ ಎರೆದು ಗೋಡೆಗೆ ನೇತುಹಾಕ್ತೇನೆ. ಅದೂ ಚಂದ ಕಾಣ್ತದೆ," ಎಂದಳು.

ಬ್ರಿಜಿಟ್ ಬಹ್ರೇನಿನ ಮನಾಮದ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡಿನ ಹಿರಿಯ ನರ್ಸ್. ಕಾರಿಡಾರಿನಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿದರೆ ಡಾಕ್ಟರುಗಳೂ ಒಮ್ಮೆ ಕೈ ತೊಳೆದುಕೊಳ್ಳುತ್ತಾರೆ ಎಂದು ಅಲ್ಲಿಯ ಆಯಾಗಳು ನಗುವುದುಂಟು. ಅಲ್ಲೇ ಹತ್ತಿರದ ಗುಫೂಲಿನಲ್ಲಿ ಎರಡು ಕೋಣೆಯ ಬಾಡಿಗೆ ಫ್ಲ್ಯಾಟು. ಗಂಡ ಲಾನ್ಸೆಲೊಟ್ ಹಡಗು ಕಂಪೆನಿಯ ಆಫೀಸಿನಲ್ಲಿ ಕೆಲಸ ಮಾಡುವವನು, ಪಾಪದ ಮನುಷ್ಯ. ವಾರಕ್ಕೊಂದು ದಿನ ಇಬ್ಬರೂ ಕಾರು ಹತ್ತಿ ಎಣ್ಣೆ ಪೈಪುಗಳ ಸಾಲು ದಾಟಿ, ದಕ್ಷಿಣದ ಮರಳಿನಲ್ಲಿರುವ ಗುರಿ ಹೊಡೆಯುವ ಕ್ಲಬ್ಬಿಗೆ ಹೋಗುತ್ತಾರೆ. ಉಳಿದವರು ಆ ಹೊತ್ತಿಗೆ ಮಾಲಿನಲ್ಲಿ ತಳ್ಳುಗಾಡಿ ಉರುಳಿಸುತ್ತಿರುತ್ತಾರೆ.

ಈ ಹುಚ್ಚು ಅವಳಿಗೆ ಅಪ್ಪನಿಂದ ಬಂದದ್ದು. ಕಿನ್ನಿಗೋಳಿಯ ಹತ್ತಿರ ಅವರ ಗದ್ದೆಗೆ ಕಾಡುಹಂದಿ ನುಗ್ಗುತ್ತಿದ್ದ ಕಾಲದಲ್ಲಿ ಅಪ್ಪನ ಬಳಿ ಲೈಸನ್ಸಿನ ಒಂಟಿ ನಳಿಗೆಯ ಕೋವಿ ಇತ್ತು. ಹಿತ್ತಾಳೆಯ ಖಾಲಿ ತೋಟೆಗೆ ಮತ್ತೆ ಮತ್ತೆ ಮದ್ದು ತುಂಬಿ ಕೊಡುವುದು ಬ್ರಿಜಿಟ್‌ಳ ಕೆಲಸ. ತಮ್ಮಂದಿರಿಗೆ ಆ ಡಬ್ಬಿ ಮುಟ್ಟಲು ಅಪ್ಪ ಬಿಡುತ್ತಿರಲಿಲ್ಲ. "ಇವಳ ಕೈ ನಡುಗುದಿಲ್ಲ," ಎನ್ನುತ್ತಿದ್ದರು.

ಕ್ಲಬ್ಬಿನ ಹಳೆಯ ರೈಫಲುಗಳ ತೋಟೆಯೂ ಅದೇ ಜಾತಿಯದು. ಈಗಿನ ತೋಟೆಗಳಿಗೆ ಬಾಟ್ಲಿಯ ಹಾಗೆ ಕುತ್ತಿಗೆ ಇರುತ್ತದೆ, ಕೆಳಗೆ ದಪ್ಪ, ಮೇಲೆ ಸಪೂರ. ಇದಕ್ಕೆ ಕುತ್ತಿಗೆಯೇ ಇಲ್ಲ, ಬುಡದಿಂದ ಬಾಯಿಯ ತನಕ ಸೀದಾ ಗೋಡೆ. ಈ ರೈಫಲುಗಳ ಪಂದ್ಯದ ಪದ್ಧತಿಯೂ ಹಳೆಯದೇ. ಒಬ್ಬರಿಗೆ ಒಂದೇ ತೋಟೆ. ಮೊದಲು ಸೀಸದ ಗುಂಡನ್ನು ನಳಿಗೆಗೆ ಒತ್ತಿ ಕೂರಿಸಿ, ಅದರ ಹಿಂದೆ ಕರಿಮದ್ದು ತುಂಬಿದ ತೋಟೆ ಇಟ್ಟು ಹೊಡೆಯಬೇಕು. ಹೊಡೆದಾದ ಮೇಲೆ ಅದೇ ಖಾಲಿ ತೋಟೆಯನ್ನು ಹೊರಗೆ ತೆಗೆದು, ಬುಡಕ್ಕೆ ಕಿಡಿ ಕೊಡುವ ಹೊಸ ಕೇಪು ಹಾಕಿ, ಮದ್ದು ತುಂಬಿ, ರಟ್ಟಿನ ಬಿಲ್ಲೆ ಒತ್ತಿ, ಮತ್ತೆ ಹೊಡೆಯಬೇಕು. ಪಂದ್ಯದ ಮೊದಲ ಹೊಡೆತಕ್ಕೆ ಯಾವ ತೋಟೆ ತೆಗೆದುಕೊಂಡಿರೋ ಕೊನೆಯ ಹೊಡೆತಕ್ಕೂ ಅದೇ. ಕಳೆದರೆ, ಒಡೆದರೆ, ಬದಲಿಸಿದರೆ ಪಂದ್ಯದಿಂದ ಹೊರಗೆ.

ಗಂಟೆಗಟ್ಟಲೆ ಹಿಡಿಯುವ ಈ ಆಟ ಈಗಿನವರಿಗೆ ಯಾಕೆ ಬೇಕು? ಕ್ಲಬ್ಬಿನಲ್ಲಿ ಇದನ್ನು ಆಡುವವರು ಮೂವರೇ ಉಳಿದಿದ್ದರು. ಬ್ರಿಜಿಟ್, ಹೆಂಡತಿಯ ಭಯಕ್ಕೆ ಆಡುವ ಲಾನ್ಸೆಲೊಟ್, ಮತ್ತೆ ಬಟ್ಟೆ ಅಂಗಡಿಯ ಸುಲೈಮಾನ್. ಸುಲೈಮಾನ್ ಉಳ್ಳಾಲದ ಬ್ಯಾರಿ. ಒಂದು ಕಣ್ಣಿಗೆ ಪೊರೆ ಬಂದಿದ್ದರೂ "ಗುರಿ ಇಡ್ಲಿಕ್ಕೆ ಒಂದು ಕಣ್ಣು ಸಾಕಲ್ವ ಬಾಯಿ," ಎನ್ನುವ ಆಸಾಮಿ. ಅಮೆರಿಕದ ಕೆಲವು ಕಡೆ ಜಿಂಕೆ ಬೇಟೆಗೆ ಈ ಸೀದಾ ಗೋಡೆಯ ತೋಟೆ ಮಾತ್ರ ಬಳಸಬೇಕಂತೆ, ಆದ್ದರಿಂದ ಈಗ ಅಲ್ಲಿ ಇದಕ್ಕೆ ಭಾರೀ ಬೇಡಿಕೆಯಂತೆ ಎಂದು ಎಲ್ಲಿಂದಲೋ ಓದಿಕೊಂಡು ಬಂದು ಹೇಳುತ್ತಿದ್ದ. "ಕೇಳಿದೆಯಾ ಮರ್ವಿನ್? ಅಲ್ಲಿ ಹೊಸ ಫ್ಯಾಶನ್ನು, ಇಲ್ಲಿ ನೀನು ಗೋರಿ ತೋಡ್ತಿದ್ದಿ," ಎಂದು ಬ್ರಿಜಿಟ್ ಕುಟುಕುತ್ತಿದ್ದಳು.

ಮರ್ವಿನ್ ಕೆಟ್ಟವನೇನಲ್ಲ. ಮಂಗಳೂರಿನ ಬಿಜೈ ಕಡೆಯವನು, ಬ್ರಿಜಿಟ್‌ಳ ಮಗ ಡಿಲನ್‌ನ ಸ್ನೇಹಿತ, ಅವಳ ಕೈಯ ಇಡ್ಲಿಯಂಥ ಸಾನ್ನ ತಿಂದು ಬೆಳೆದವನು. ಆದರೆ ಅವನಿಗೆ ಹೊಸ ಬೆಂಚು, ಹೊಸ ಪರದೆ, ಹೊಸ ಪ್ರಾಯೋಜಕರು ಬೇಕು. ಕರಿಮದ್ದಿನ ಹೊಗೆ ಕಂಡರೆ ಆಗದು. ಅವನು ಹಳೆಯ ನಿಯಮವೊಂದನ್ನು ಎತ್ತಿ ತಂದ. ವರ್ಷದ ದೊಡ್ಡ ಪಂದ್ಯದಲ್ಲಿ ಯಾವುದೇ ವಿಭಾಗಕ್ಕೆ ಕಡಿಮೆಯೆಂದರೆ ಮೂವರು ಕೊನೆಯ ಹೊಡೆತದ ತನಕ ಹೊಡೆದು ಮುಗಿಸಬೇಕು, ಇಲ್ಲದಿದ್ದರೆ ವಿಭಾಗ ಬಂದ್. "ಮೂವರೂ ಮುಗಿಸಿದರೆ ನಾನು ಮಾತಾಡುದಿಲ್ಲ ಆಂಟಿ. ಒಬ್ಬರು ತಪ್ಪಿದರೂ ಮರುದಿನವೇ ಸೀಸ," ಎಂದ.

"ಆಯ್ತು ಬಿಡು ಬಾಯೆ," ಎಂದು ಲಾನ್ಸೆಲೊಟ್ ಆ ರಾತ್ರಿ ಊಟಕ್ಕೆ ಕುಳಿತಾಗ ಹೇಳಿದ. "ಅದು ನಮ್ಮ ಅಪ್ಪನ ಮನೆಯ ಕೋವಿಯಾ? ಕ್ಲಬ್ಬಿನದ್ದು. ಅವರು ನೇತುಹಾಕ್ಲಿ, ತಲೆ ಮೇಲೆ ಇಟ್ಕೊಳ್ಲಿ."

ಬ್ರಿಜಿಟ್‌ಗೆ ಸಿಟ್ಟು ಬಂತು. ಈ ದೇಶದಲ್ಲಿ ತಮ್ಮದು ಎನ್ನುವುದು ಏನಿದೆ? ಮನೆ ಬಾಡಿಗೆಯದ್ದು. ವೀಸಾ ಕಂಪೆನಿಯದ್ದು. ಸಮವಸ್ತ್ರವೂ ಆಸ್ಪತ್ರೆಯದ್ದು, ಬಿಡುವ ದಿನ ಒಗೆದು ಮಡಚಿ ಕೊಡಬೇಕು. ಆದರೆ ಆ ಮುದಿ ರೈಫಲಿಗೆ ಮದ್ದು ಎಷ್ಟು ಹಾಕಿದರೆ ಹಿತ, ಗುಂಡು ಎಷ್ಟು ಮೆತ್ತಗಿದ್ದರೆ ಹಿತ, ಗಾಳಿ ಸಮುದ್ರದಿಂದ ಬಂದರೆ ಅದು ಯಾವ ಕಡೆ ಮುನಿಸಿಕೊಳ್ಳುತ್ತದೆ ಎನ್ನುವುದು ಈ ದ್ವೀಪದಲ್ಲಿ ಅವಳೊಬ್ಬಳಿಗೆ ಗೊತ್ತು. ಅದು ಅವಳದ್ದು. ಅದಕ್ಕೆ ಯಾರೂ ಸೀಸ ಎರೆಯಕೂಡದು. ಇದೆಲ್ಲವನ್ನೂ ಅವಳು ಗಂಡನಿಗೆ ಹೇಳಿದಳು. "ನೀನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು," ಎಂದ ಲಾನ್ಸೆಲೊಟ್. "ಹೌದು, ನಾಲ್ಕನೆಯ ಕಾಲು ನೀನು. ಪಂದ್ಯದ ದಿನ ಹೊಟ್ಟೆನೋವು ಅಂತ ಮಲಗಿದರೆ ಹರಳೆಣ್ಣೆ ಕುಡಿಸ್ತೇನೆ," ಎಂದಳು ಬ್ರಿಜಿಟ್.

ಪಂದ್ಯದ ದಿನ ಚಳಿಗಾಲದ ಒಳ್ಳೆಯ ಬಿಸಿಲಿತ್ತು. ಪ್ರಾಯೋಜಕರು ಸಂಜೆ ಬರುವವರಿದ್ದರು. ಮರ್ವಿನ್ ಹೊಸ ಬಿಳಿ ಟೀ ಶರ್ಟು ಹಾಕಿ ಅತ್ತಿಂದಿತ್ತ ಓಡುತ್ತಿದ್ದ. ಬೆಂಚುಗಳ ಸಾಲಿನ ಉಸ್ತುವಾರಿ ಬೂ ಯಾಕೂಬರದ್ದು. ಅವರು ಬಹ್ರೇನಿನವರು, ಸೈನ್ಯದಿಂದ ನಿವೃತ್ತರಾದ ಹಿರಿಯರು. ಅಲ್ಲಿ ಅವರ ಮಾತೇ ಕೊನೆ. ಬೆಂಚುಗಳ ಹಿಂದೆ ನೆಲದ ಮೇಲೊಂದು ಕೆಂಪು ಗೆರೆ. ಅವರು ಸೈರನ್ ಒತ್ತಿ ಸಾಲು ಬಂದ್ ಮಾಡಿದರೆ ಹೊಡೆಯುವವರೆಲ್ಲ ಕೋವಿ ತೆರೆದಿಟ್ಟು ಆ ಗೆರೆಯಿಂದ ಆಚೆ ಬರಬೇಕು. ಮತ್ತೆ ಸೈರನ್ ಆಗುವ ತನಕ ಒಬ್ಬರೂ ಗೆರೆ ದಾಟಬಾರದು. ದಿನದ ಕೊನೆಗೆ ಕ್ಯಾಮರಾ ನೋಡುತ್ತಾರೆ, ದಾಟಿದವರಿಗೆ ಒಂದು ವರ್ಷ ಸಾಲಿಗೆ ಪ್ರವೇಶವಿಲ್ಲ. ಗುಂಡು ಹಾರುವ ಜಾಗದಲ್ಲಿ ಅಷ್ಟಾದರೂ ಬಿಗಿ ಬೇಡವೇ? ಗೆರೆ ತುಳಿದ ಎಷ್ಟೋ ಜನಕ್ಕೆ ಬ್ರಿಜಿಟ್ ತಾನೇ ಮಂಗಳಾರತಿ ಮಾಡಿದ್ದಳು.

ಬೆಳಗಿನ ಹೊಡೆತಗಳು ಚೆನ್ನಾಗಿಯೇ ನಡೆದವು. ಲಾನ್ಸೆಲೊಟ್ ಗುರಿಯಿಟ್ಟರೆ ಪಕ್ಕದ ಹಲಗೆಗೆ ಗಾಬರಿ, ಆದರೂ ಅವನು ಹೊಡೆದು ಮುಗಿಸಿದ. ಸುಲೈಮಾನ್ ಪ್ರತಿ ಹೊಡೆತಕ್ಕೂ ಬಿಸ್ಮಿಲ್ಲಾ ಹೇಳಿ ಕೈ ಒರೆಸಿಕೊಂಡು, ಒಂದೇ ಕಣ್ಣಿನಲ್ಲಿ ಅವನೂ ಮುಗಿಸಿದ. ಬ್ರಿಜಿಟ್ ಯಾವತ್ತೂ ನಿಧಾನ, ಪ್ರತಿ ಹೊಡೆತದ ನಂತರ ನಳಿಗೆ ಒರೆಸಿಯೇ ಮುಂದಿನದಕ್ಕೆ ಹೋಗುವವಳು. ಅವಳದಿನ್ನೂ ಕೆಲವು ಹೊಡೆತ ಬಾಕಿ ಇರುವಾಗಲೇ ಮಧ್ಯಾಹ್ನದ ನಂತರದ ಅಸರ್ ನಮಾಜಿನ ಹೊತ್ತಾಯಿತು. ಬೂ ಯಾಕೂಬ್ ಸೈರನ್ ಒತ್ತಿದರು. ಬ್ರಿಜಿಟ್ ರೈಫಲು ತೆರೆದಿಟ್ಟು, ತನ್ನ ಖಾಲಿ ತೋಟೆಯನ್ನು ಬೆಂಚಿನ ಮೇಲೆ ನಿಲ್ಲಿಸಿ, ಗೆರೆಯಿಂದಾಚೆ ಬಂದಳು. ಸುಲೈಮಾನ್ ನಮಾಜಿಗೆ ಹೋದ. ಗಂಡಹೆಂಡತಿ ಚಹಾ ಕುಡಿಯಲು ಕ್ಯಾಂಟೀನಿಗೆ ಹೋದರು.

ಆ ಹೊತ್ತಿನಲ್ಲಿ ಆಗಬಾರದ್ದು ಆಯಿತು. ಸಾಲನ್ನು ಸ್ವಚ್ಛ ಮಾಡುವ ಕೆಲಸಕ್ಕೆ ಇಜಾಝ್ ಎಂಬವನು ಹೊಸದಾಗಿ ಸೇರಿದ್ದ. ನಡುವಯಸ್ಸಿನವನು, ಮೊದಲು ಸಿತ್ರಾದಲ್ಲಿ ಕಂಪೆನಿ ಬಸ್ಸು ಓಡಿಸುತ್ತಿದ್ದ. ಸಾಲು ಬಂದ್ ಆದಾಗ ಗೆರೆಯೊಳಗೆ ಹೋಗಲು ಅವನೊಬ್ಬನಿಗೇ ಅನುಮತಿ. ಪ್ರಾಯೋಜಕರು ಬರುವ ಮೊದಲು ಬೆಂಚುಗಳೆಲ್ಲ ಪಳಪಳ ಇರಬೇಕು ಎಂದು ಮರ್ವಿನ್ ಅವನಿಗೆ ಹೇಳಿದ. ಪಾಪ, ಅವನಿಗೇನು ಗೊತ್ತು? ಉಳಿದ ಎಲ್ಲರಿಗೂ ಹೊಡೆದಾದ ತೋಟೆ ಕಸವೇ. ಬೆಂಚು ಬೆಂಚು ಒರೆಸಿ ಹಿತ್ತಾಳೆಯನ್ನೆಲ್ಲ ಗೋಣಿಗೆ ಸುರಿದ. ಬ್ರಿಜಿಟ್‌ಳ ತೋಟೆಯೂ ಅದರೊಳಗೆ ಹೋಯಿತು.

ಚಹಾದ ಲೋಟ ಹಿಡಿದು ಬಂದ ಬ್ರಿಜಿಟ್ ಗೆರೆಯ ಹಿಂದೆ ನಿಂತು ನೋಡಿದಳು. ಬೆಂಚು ಬೋಳಾಗಿತ್ತು. ಸಾಲಿನ ಕೊನೆಯ ಗೇಟಿನ ಹತ್ತಿರ ಸಲ್ಮಾಬಾದಿನ ಗುಜರಿಯವರ ಪಿಕಪ್ ನಿಂತಿತ್ತು. ಇಜಾಝ್ ಗೋಣಿಯನ್ನು ನೆಲದಲ್ಲಿ ಎಳೆದುಕೊಂಡು ಅತ್ತ ಹೋಗುತ್ತಿದ್ದ.

"ಇಜಾಝ್, ನಿಲ್ಲಿಸು," ಎಂದು ಕೂಗಿದಳು. ಅವನ ಕಿವಿಯಲ್ಲಿ ಸದ್ದು ತಡೆಯುವ ಮುಚ್ಚಿಗೆ. ಕೇಳಿಸಲಿಲ್ಲ.

"ಬೂ ಯಾಕೂಬ್ ನಮಾಜು ಮುಗಿಸಿ ಬರ್ಲಿ," ಎಂದ ಲಾನ್ಸೆಲೊಟ್. ಅವರು ಬರುವುದರೊಳಗೆ ಪಿಕಪ್ ಸಲ್ಮಾಬಾದಿನ ಅರ್ಧ ದಾರಿ ಮುಟ್ಟುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೆರೆ ದಾಟಿದರೆ ಒಂದು ವರ್ಷ ಎನ್ನುವುದೂ ಗೊತ್ತಿತ್ತು. ಇತರರಿಗೆ ಉಪದೇಶ ಮಾಡಿದ ಬಾಯಿ ಅವಳದ್ದೇ. ಅವಳು ಚಹಾದ ಲೋಟವನ್ನು ಗಂಡನ ಕೈಗೆ ಕೊಟ್ಟಳು. "ಹಿಡ್ಕೊ," ಎಂದಳು. ಕೋವಿಗಳ ಕಡೆಗೆ ತಿರುಗಿಯೂ ನೋಡದೆ, ಎರಡು ಕೈಯನ್ನೂ ಎಲ್ಲರಿಗೆ ಕಾಣುವಂತೆ ಮೇಲೆತ್ತಿಕೊಂಡು, ಕೆಂಪು ಗೆರೆ ದಾಟಿ ನಡೆದಳು. ಓಡಲಿಲ್ಲ. ಕದ್ದು ಹೋಗುವವರು ಓಡುತ್ತಾರೆ.

ಅವಳು ಹೋಗಿ ಮುಟ್ಟುವಾಗ ಗೋಣಿ ಪಿಕಪ್ಪಿನೊಳಕ್ಕೆ ಬಿದ್ದಾಗಿತ್ತು. ಅದರ ಮೇಲೆ ಗುಜರಿಯವನು ಇನ್ನೊಂದು ಕಬ್ಬಿಣದ ಪೆಟ್ಟಿಗೆ ಒಗೆದಿದ್ದ. ಬ್ರಿಜಿಟ್ ಗೋಣಿಯನ್ನು ನೆಲಕ್ಕೆ ಎಳೆಸಿ, ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಕೈ ಹಾಕಿದಳು. ಕುತ್ತಿಗೆ ಇರುವ ತೋಟೆಗಳ ರಾಶಿಯಲ್ಲಿ ಕುತ್ತಿಗೆ ಇಲ್ಲದ್ದನ್ನು ಹುಡುಕಲು ಎಷ್ಟು ಹೊತ್ತು? ಸಿಕ್ಕಿತು. ಆದರೆ ಬಾಯಿ ಚಪ್ಪಟೆಯಾಗಿ ಮುಚ್ಚಿಕೊಂಡಿತ್ತು, ತುಟಿ ಕಚ್ಚಿದ ಮಗುವಿನ ಹಾಗೆ.

ಅಷ್ಟರಲ್ಲಿ ಹೊರಗಿನ ದಾರಿ ಸುತ್ತಿ ಮರ್ವಿನ್ ಓಡಿ ಬಂದ. ಬಂದವನೇ ಇಜಾಝ್‌ನ ಮೇಲೆ ಹರಿಹಾಯ್ದ. "ನಿನ್ಗೆ ಕಣ್ಣು ಕಾಣುದಿಲ್ವಾ? ನಾಳೆಯಿಂದ ಬರ್ಬೇಡ."

"ಅವನನ್ನು ಬಯ್ಬೇಡ," ಎಂದಳು ಬ್ರಿಜಿಟ್. "ನೀನು ಗುಡಿಸು ಅಂದಿ, ಅವನು ಗುಡಿಸಿದ. ಯಾವುದು ಕಸ ಅಂತ ಹೇಳಿಕೊಟ್ಟದ್ದು ನೀನು."

ಇಜಾಝ್‌ನ ಮುಖ ಬಿಳಿಚಿತ್ತು. "ಅಕ್ಕ, ಅಲ್ಲಾನಾಣೆ ನನ್ಗೆ ಗೊತ್ತಿರ್ಲಿಲ್ಲ," ಎಂದ.

"ಗೊತ್ತು ಮಾರಾಯ. ನನ್ಗೆ ಸಿಟ್ಟು ಮಾಡ್ಲಿಕ್ಕೆ ಬೇರೆ ಜನ ಇದ್ದಾರೆ, ನೀನು ಸುಮ್ನಿರು."

ಮರ್ವಿನ್ ತೋಟೆಯನ್ನು ನೋಡಿದ. ಅವನ ಮುಖದಲ್ಲಿ ಬೇಸರವೂ ಇತ್ತು, ಸ್ವಲ್ಪ ನಿರಾಳವೂ ಇತ್ತು. ಸುಳ್ಳೇಕೆ, ಅದು ಬ್ರಿಜಿಟ್‌ಗೆ ಕಾಣಿಸಿತು. "ಆಂಟಿ, ನಾನು ಬೇಕಂತ ಮಾಡಿದ್ದಲ್ಲ. ಬೇರೆ ತೋಟೆ ಕೊಡ್ತೇನೆ, ಹೊಡೀರಿ. ಲೆಕ್ಕಕ್ಕೆ ಹಿಡೀಲಿಕ್ಕೆ ಮಾತ್ರ ಆಗುದಿಲ್ಲ," ಎಂದ.

"ನಿನ್ನ ಬೇರೆ ತೋಟೆ ನಿನ್ನ ಪ್ರಾಯೋಜಕರಿಗೆ ಕೊಡು," ಎಂದು ಅವಳು ಎದ್ದು ಕ್ಯಾಂಟೀನಿನ ಅಡುಗೆಮನೆಗೆ ನಡೆದಳು.

ಅಡುಗೆಯವನು ಚಪಾತಿ ಲಟ್ಟಿಸುತ್ತಿದ್ದ. ಅವನ ಲಟ್ಟಣಿಗೆ ಉತ್ತರ ಭಾರತದ ಕಡೆಯದು, ನಡುವೆ ದಪ್ಪ, ಎರಡು ತುದಿಗೆ ಹೋಗುತ್ತಾ ಪೆನ್ಸಿಲಿನಷ್ಟು ಸಪೂರ. ಬ್ರಿಜಿಟ್ ಕೇಳಲೂ ಇಲ್ಲ, ಕೈಯಿಂದ ಕಸಿದುಕೊಂಡಳು. ಹಿಟ್ಟು ಒರೆಸಿ, ಎಣ್ಣೆ ಸವರಿ, ಸಣ್ಣ ಚಮಚದ ಹಿಡಿಯಿಂದ ಮೊದಲು ತೋಟೆಯ ಬಾಯಿಯನ್ನು ಕೊಂಚ ಬಿಡಿಸಿದಳು. ಆಮೇಲೆ ಲಟ್ಟಣಿಗೆಯ ತುದಿಯನ್ನು ಒಳಗೆ ತೂರಿಸಿ ತಿರುಗಿಸತೊಡಗಿದಳು. ಒಂದಿಷ್ಟು ಒತ್ತುವುದು, ತಿರುಗಿಸುವುದು, ಹೊರತೆಗೆದು ಬೆಳಕಿಗೆ ಹಿಡಿಯುವುದು. ಅವಸರ ಮಾಡಿದರೆ ಹಿತ್ತಾಳೆ ಸೀಳುತ್ತದೆ. ಕುತ್ತಿಗೆಯ ತೋಟೆಯಾಗಿದ್ದರೆ ಅದರ ಭುಜ, ಇಳಿಜಾರು ಎಲ್ಲ ಸರಿಪಡಿಸಲು ಯಂತ್ರವೇ ಬೇಕಿತ್ತು. ಇದು ಸೀದಾ ಮನುಷ್ಯ. ಸೀದಾ ಇದ್ದವರನ್ನು ಬಗ್ಗಿಸಬಹುದು, ಮತ್ತೆ ನೆಟ್ಟಗೆ ಮಾಡಲಿಕ್ಕೂ ಆಗುತ್ತದೆ. ಬಾಗಿಲಲ್ಲಿ ಸುಲೈಮಾನ್, ಲಾನ್ಸೆಲೊಟ್, ಇಜಾಝ್ ಮೂವರೂ ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡಸರಂತೆ ನಿಂತಿದ್ದರು.

"ಬಾಯಿ, ಬಿಡಿ. ಕೈ ಮೀರಿದ ಮೇಲೆ ಹಟ ಯಾಕೆ?" ಎಂದ ಸುಲೈಮಾನ್ ಮೆತ್ತಗೆ.

"ಕೈ ಇನ್ನೂ ತೋಟೆ ಮೇಲೆಯೇ ಉಂಟು ಸುಲೈಮಾನ್. ಮೀರಿದಾಗ ಹೇಳ್ತೇನೆ."

ಸೈರನ್ ಆಗುವಾಗ ತೋಟೆಯ ಬಾಯಿ ಪೂರ್ತಿ ಗುಂಡಗಾಗಿರಲಿಲ್ಲ. ಒಂದು ಕಡೆ ಸಣ್ಣ ನೆಗ್ಗು ಉಳಿದಿತ್ತು. ಬೂ ಯಾಕೂಬ್ ಅದನ್ನು ಕೈಯಲ್ಲಿ ಹಿಡಿದು ಸುತ್ತ ನೋಡಿದರು, ಉಗುರಿನಿಂದ ಸೀಳು ಇದೆಯೇ ಎಂದು ಗೀರಿ ನೋಡಿದರು, ರೈಫಲಿನ ಗೂಡಿಗೆ ಹಾಕಿ ತೆಗೆದು ಪರೀಕ್ಷಿಸಿದರು. ಸಲೀಸಾಗಿ ಹೋಯಿತು, ಸಲೀಸಾಗಿ ಬಂತು. "ವಹೀ ತೋಟಾ ಹೈ?" ಎಂದು ಕೇಳಿದರು. ಬುಡದಲ್ಲಿ ಬೆಳಿಗ್ಗೆ ತಾವೇ ಕೆತ್ತಿದ ಗುರುತು ಕಂಡು ತಲೆ ಆಡಿಸಿದರು. "ಯಲ್ಲಾ ಸಿಸ್ಟರ್," ಎಂದರು.

ಬ್ರಿಜಿಟ್ ಕುಳಿತಳು. ಗುಂಡು ಒತ್ತಿ ಕೂರಿಸಿದಳು. ಕೇಪು, ಮದ್ದು, ಬಿಲ್ಲೆ. ನೆಗ್ಗಿದ್ದ ಕಡೆ ಬಿಲ್ಲೆ ಓರೆಯಾಗಿ ಕುಳಿತಿತು. ಮೊದಲ ಹೊಡೆತ ಗುರಿಯ ಕಪ್ಪು ವೃತ್ತದ ಹೊರಗೇ ಹೋಯಿತು. ಹಿಂದಿನಿಂದ ಯಾರೋ ನಕ್ಕದ್ದು ಕೇಳಿಸಿತು. ನಗಲಿ. ಅವಳು ಖಾಲಿ ತೋಟೆ ತೆಗೆದು ನೋಡಿದಳು. ಹೊಡೆತದ ಒತ್ತಡಕ್ಕೆ ನೆಗ್ಗು ತಾನಾಗಿಯೇ ಹೊರಗೆ ಬಂದು, ಬಾಯಿ ಗೂಡಿನ ಆಕಾರಕ್ಕೆ ಗುಂಡಗಾಗಿತ್ತು. ಲಟ್ಟಣಿಗೆ ಅರ್ಧ ಮಾಡಿದ ಕೆಲಸವನ್ನು ರೈಫಲು ಪೂರ್ತಿ ಮಾಡಿತ್ತು. "ಶಾಭಾಸ್ ಮುದುಕಿ," ಎಂದಳು ಬ್ರಿಜಿಟ್ ಅದರ ಮರದ ಹಿಡಿಗೆ ಕೆನ್ನೆ ಒತ್ತಿ. ಮುಂದಿನದು ಕಪ್ಪಿನೊಳಗೆ ಬಿತ್ತು. ಅದರ ಮುಂದಿನದೂ. ಪ್ರಾಯೋಜಕರು ಬಂದು ಇಳಿಯುವ ಹೊತ್ತಿಗೆ ಸಾಲಿನ ತುಂಬಾ ಬಿಳಿ ಹೊಗೆ ಕವಿದು, ಮರ್ವಿನ್‌ನ ಹೊಸ ಫಲಕ ಯಾರಿಗೂ ಕಾಣಿಸುತ್ತಿರಲಿಲ್ಲ. ಆ ಹೊಗೆಯೊಳಗೇ ಅವಳು ಕೊನೆಯ ಹೊಡೆತ ಹೊಡೆದಳು.

ಅವಳು ಗೆಲ್ಲಲಿಲ್ಲ. ಗೆದ್ದದ್ದು ಒಂದು ಕಣ್ಣಿನ ಸುಲೈಮಾನ್. ಆದರೆ ಮೂವರೂ ಮುಗಿಸಿದ್ದರು.

ಬಹುಮಾನ ಹಂಚುವ ಮೊದಲು ಮರ್ವಿನ್ ಅವಳನ್ನು ಪಕ್ಕಕ್ಕೆ ಕರೆದ. ಬೂ ಯಾಕೂಬರೂ ಇದ್ದರು. "ಆಂಟಿ, ನೀವು ಗೆರೆ ದಾಟಿದ್ದು ಕ್ಯಾಮರಾದಲ್ಲಿ ಉಂಟು," ಎಂದ. "ಒಂದು ವರ್ಷ ಸಾಲಿಗೆ ಬರುವ ಹಾಗಿಲ್ಲ. ನನ್ಗೂ ಬೇಸರವೇ. ಒಂದು ದಾರಿ ಉಂಟು. ಇವತ್ತಿನ ಸ್ಕೋರು ನೀವೇ ಹಿಂದೆ ತಗೊಳ್ಳಿ. ಪಂದ್ಯ ಮುಗಿಸ್ಲಿಲ್ಲ ಅಂತ ಇಟ್ಕೊಳ್ಳುವ. ಆಗ ಗೆರೆಯ ವಿಷಯ ನಾನು ಕಮಿಟಿಗೆ ಹೇಳಿ ಬಿಡಿಸ್ತೇನೆ. ಹೊಸ ರೈಫಲು ಕೊಡ್ತೇನೆ, ವಾರ ವಾರ ಬನ್ನಿ."

ಅಂದರೆ ಅವಳು ಉಳಿಯುತ್ತಾಳೆ, ಮೂರು ರೈಫಲು ಗೋಡೆಗೆ ಹೋಗುತ್ತವೆ. ಬ್ರಿಜಿಟ್‌ಗೆ ಅಳು ಬಂತು. ವಾರ್ಡಿನಲ್ಲಿ ಆರು ದಿನ ಸಾಯುವವರ ಜೊತೆ, ಹುಟ್ಟುವವರ ಜೊತೆ ನಿಂತು ಸವೆದ ಹೆಂಗಸಿಗೆ ಈ ಬೆಂಚಿನ ಮೇಲಿನ ಒಂದು ದಿನವೇ ಉಸಿರು. ಅದು ಒಂದು ವರ್ಷ ಇಲ್ಲ ಎಂದರೆ ಹೇಗೆ? ಕಣ್ಣು ಒರೆಸಿಕೊಂಡಳು. ಕರಿಮದ್ದಿನ ಮಸಿ ಕೆನ್ನೆಯ ಮೇಲೆಲ್ಲ ಹರಡಿತು.

"ಗೆರೆಯ ನಿಯಮ ಒಳ್ಳೆಯದೇ. ಮುರಿದದ್ದು ನಾನು," ಎಂದಳು. "ಉಪ್ಪು ತಿಂದವಳು ನೀರು ಕುಡೀತೇನೆ. ಸ್ಕೋರು ಮಾತ್ರ ಮುಟ್ಟಬೇಡ."

"ನೀವಿಲ್ಲದೆ ಮುಂದಿನ ವರ್ಷ ಯಾರು ಹೊಡೀತಾರೆ ಆಂಟಿ? ಮತ್ತೆ ಇಬ್ಬರೇ ಅಲ್ವಾ?" ಎಂದ ಮರ್ವಿನ್. ಹೀಯಾಳಿಸಿ ಹೇಳಿದ್ದಲ್ಲ, ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಬ್ರಿಜಿಟ್ ಸುತ್ತ ನೋಡಿದಳು. ಇಜಾಝ್ ಪೊರಕೆ ಹಿಡಿದು ನಿಂತಿದ್ದ, ನಾಳೆ ಕೆಲಸ ಇದೆಯೋ ಇಲ್ಲವೋ ಎಂಬ ಮುಖ. "ಇಜಾಝ್, ಪೊರಕೆ ಕೆಳಗಿಡು. ಇಲ್ಲಿ ಬಾ," ಎಂದಳು.

"ಅವನು ಸ್ಟಾಫ್," ಎಂದ ಮರ್ವಿನ್.

"ಸ್ಟಾಫ್ ಭೀ ಮೆಂಬರ್ ಹೈ," ಎಂದರು ಬೂ ಯಾಕೂಬ್. "ಖಲಾಸ್." ಅಲ್ಲಿಗೆ ಆ ಮಾತು ಮುಗಿಯಿತು.

"ಅಕ್ಕ, ನನ್ಗೆ ಇದೆಲ್ಲ ಬರುದಿಲ್ಲ," ಎಂದ ಇಜಾಝ್.

"ನಾನೂ ಕೋವಿ ಹಿಡ್ಕೊಂಡು ಹುಟ್ಟಿದ್ದಲ್ಲ. ಅಡುಗೆಮನೆಗೆ ಹೋಗಿ ಕೆಟಲಿನಲ್ಲಿ ನೀರು ಕುದಿಸಿ ತಾ. ಕರಿಮದ್ದು ಹೊಡೆದ ನಳಿಗೆ ಈಗಲೇ ತೊಳೀದಿದ್ರೆ ಬೆಳಿಗ್ಗೆಗೆ ತುಕ್ಕು. ತೊಳೀಲಿಕ್ಕೆ ಕಲಿತವನಿಗೆ ಹೊಡೀಲಿಕ್ಕೆ ಕಲಿಸ್ತೇನೆ."

ಹಾಲಿನೊಳಗೆ ಬಹುಮಾನದ ಚಪ್ಪಾಳೆ ಶುರುವಾಯಿತು. ಬ್ರಿಜಿಟ್ ಹೋಗಲಿಲ್ಲ. ಗಂಡನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ, ಕೆಂಪು ಗೆರೆಯ ಹಿಂದೆ, ಇನ್ನೊಂದು ಅಂಗುಲ ಮುಂದೆ ಹೋದರೆ ತಪ್ಪಾಗುವಷ್ಟು ಹತ್ತಿರ ಹಾಕಿಸಿ ಕುಳಿತಳು. ಗೆರೆಯ ಒಳಗೆ ಇಜಾಝ್ ಹೆದರಿ ಹೆದರಿ ನಳಿಗೆಗೆ ಬಿಸಿನೀರು ಹೊಯ್ದ. ಇನ್ನೊಂದು ತುದಿಯಿಂದ ಕಪ್ಪು ನೀರು ಬಂತು.

"ಸಾಕಾ ಅಕ್ಕ?"

"ಇನ್ನೊಂದು ಸಲ," ಎಂದಳು ಬ್ರಿಜಿಟ್. ಬರುವ ನೀರು ತಿಳಿಯಾಗುವ ತನಕ ಅವಳು ಅಲ್ಲಿಂದ ಏಳಲಿಲ್ಲ.